ಗಂಧದ ಗುಡ್ಡದ ಕಾವಲು

“ಬುದ್ಧಿ, ಒಂದು ಮಾತು ಕೇಳಲೇ? ಈ ಮಠದಲ್ಲಿ ನಾವು ನಲವತ್ತು ಜನ ಇದ್ದೇವೆ. ನಿಜವಾಗಿ ಕಲಿಯುವವರು ಐದು ಜನ. ಉಳಿದವರು ಉಣ್ಣುತ್ತಾರೆ, ದನ ಕಾಯುತ್ತಾರೆ, ಭಜನೆಯಲ್ಲಿ ತಾಳ ತಪ್ಪುತ್ತಾರೆ. ಆ ನೀರು ಸೇದುವವನಿಗೆ ಆರು ವರ್ಷವಾದರೂ ಒಂದು ವಚನ ನೆಟ್ಟಗೆ ಹೇಳಲು ಬಾರದು. ಇವರನ್ನು ತಿದ್ದುವುದರಲ್ಲೇ ನಿಮ್ಮ ಹೊತ್ತೆಲ್ಲ ಹೋಗುತ್ತದೆ. ಇವರನ್ನು ಕಳುಹಿಸಿಬಿಟ್ಟರೆ ನಾವು ಐವರು ಎಷ್ಟು ಬೆಳೆಯಬಹುದು!”

ಹೀಗೆ ಕೇಳಿದವನು ಗುರುಸಿದ್ಧ. ಮಠದಲ್ಲಿ ಅವನಷ್ಟು ಚುರುಕಿನವರು ಇನ್ನೊಬ್ಬರಿರಲಿಲ್ಲ. ಆ ಸಂಗತಿ ಅವನಿಗೂ ಗೊತ್ತಿತ್ತು.

ಗುರುಗಳು ನಕ್ಕರು. “ಆ ಐವರಲ್ಲಿ ನಾನು ಸೇರಿದ್ದೇನೋ ಇಲ್ಲವೋ, ಅದನ್ನು ಆಮೇಲೆ ಹೇಳುವೆಯಂತೆ. ಈಗ ಕೂತುಕೋ,” ಎಂದು ಈ ಕತೆ ಹೇಳಿದರು.

ಒಂದು ಗುಡ್ಡವಿತ್ತು. ಅದರ ಮೇಲೆ ಅರವತ್ತು ಗಂಧದ ಮರಗಳಿದ್ದವು. ಅವುಗಳ ನಡುವೆ ಹೊಂಗೆ, ಜಾಲಿ, ಕಕ್ಕೆ, ಎಲಚಿ, ಕಾರೆಮುಳ್ಳು ಎಂದು ಏನೇನೋ ಬೆಳೆದಿದ್ದವು. ಒಬ್ಬ ಮುದುಕಿ ಆ ಗುಡ್ಡದ ಕಾವಲಿಗಿದ್ದಳು. ಗುಡ್ಡದ ಬುಡದಲ್ಲಿ ಅವಳಿಗೊಂದು ಮನೆ. ಕಾವಲು ಇರುವತನಕ ಮನೆ.

ಅದೇ ಊರಿನ ಒಬ್ಬ ರೈತ ಆ ಗುಡ್ಡವನ್ನು ನೋಡಿ ನೋಡಿ ಸಂಕಟಪಡುತ್ತಿದ್ದ. ಕೆಟ್ಟವನಲ್ಲ. ಮೈಮುರಿದು ದುಡಿಯುವವನು, ಗಂಧದ ಮರಗಳೆಂದರೆ ಪ್ರಾಣ. ಸುಮ್ಮನೆ ಕೂತವರನ್ನು ಕಂಡರೆ ಮಾತ್ರ ಅವನಿಗೆ ಆಗುತ್ತಿರಲಿಲ್ಲ. ಒಂದು ದಿನ ದೊರೆಯ ಬಳಿಗೆ ಹೋಗಿ, “ಮುದುಕಿ ಸೋಮಾರಿ. ಒಂದು ಮುಳ್ಳನ್ನೂ ಕಡಿಯುವುದಿಲ್ಲ. ಹೊಂಗೆಯ ಕೆಳಗೆ ಕೂತು ಎಲೆಅಡಿಕೆ ಹಾಕುತ್ತಾಳೆ. ಗುಡ್ಡವನ್ನು ನನಗೆ ಕೊಡಿ,” ಎಂದ. ದೊರೆ ಕೊಟ್ಟ. ಮುದುಕಿ ಗಂಟು ಕಟ್ಟಿಕೊಂಡು ತಮ್ಮನ ಮನೆ ಸೇರಿದಳು. ರೈತ ಹೆಂಡತಿಯೊಡನೆ ಗುಡ್ಡದ ಮನೆಗೆ ಬಂದ.

ಮೊದಲ ದಿನವೇ ಅವನು ಒಂದು ಗಂಧದ ಬುಡ ಅಗೆದು ನೋಡಿದ. ಗಂಧದ ಬೇರಿಗೂ ಪಕ್ಕದ ಹೊಂಗೆಯ ಬೇರಿಗೂ ನಡುವೆ ಮೆಣಸಿನ ಕಾಳಿನಷ್ಟು ದಪ್ಪದ ಗಂಟುಗಳಿದ್ದವು. ಒಂದು ಬೇರು ಇನ್ನೊಂದನ್ನು ಕಚ್ಚಿ ಹಿಡಿದಿತ್ತು. ಕಳ್ಳ ಸಿಕ್ಕಿಬಿದ್ದ ಎಂದು ಅವನಿಗೆ ಖುಷಿಯಾಯಿತು. ಒಂದು ಕಡೆ ಗಂಧ, ಇನ್ನೊಂದು ಕಡೆ ಹೊಂಗೆ. ಕಚ್ಚಿದ್ದು ಯಾವುದು ಎಂದು ಅವನು ಯೋಚಿಸಲೇ ಇಲ್ಲ. ನೀನಾಗಿದ್ದರೂ ಯೋಚಿಸುತ್ತಿರಲಿಲ್ಲ, ಗುರುಸಿದ್ಧ. ನಾನೂ ಅಷ್ಟೇ.

ಒಂದೇ ಬೇಸಿಗೆಯಲ್ಲಿ ಅವನು ಹೊಂಗೆ, ಜಾಲಿ, ಮುಳ್ಳು ಎಲ್ಲವನ್ನೂ ಕಡಿದ. ಗುಡ್ಡ ಗುಡಿಸಿದ ಅಂಗಳದ ಹಾಗಾಯಿತು. ದೊರೆ ಬಂದು ನೋಡಿ ಬೆನ್ನು ತಟ್ಟಿದ.

ಮಳೆ ಬಂತು. ನೀರು ನಿಲ್ಲದೆ ಮೇಲ್ಮಣ್ಣನ್ನು ಎಳೆದುಕೊಂಡು ಇಳಿಯಿತು. ಗಂಧದ ಹಣ್ಣು ತಿನ್ನಲು ಬರುತ್ತಿದ್ದ ಪಿಕಳಾರ ಹಕ್ಕಿಗಳು ಗೂಡಿಗೊಂದು ಪೊದೆ ಸಿಗದೆ ಹೊರಟುಹೋದವು. ಮರುವರ್ಷ ಗಂಧದ ಎಲೆ ಹಳದಿಯಾಯಿತು, ತುದಿ ಒಣಗಿತು. ರೈತ ಕೆರೆಯಿಂದ ಕೊಡ ಕೊಡ ನೀರು ಹೊತ್ತ, ಗೊಬ್ಬರ ಹಾಕಿದ, ಮತ್ತಷ್ಟು ಚೊಕ್ಕ ಮಾಡಿದ. ಇಪ್ಪತ್ತಮೂರು ಮರ ಸತ್ತವು. ದೊರೆಯಿಂದ ಮಾತು ಬಂತು: ಇನ್ನೊಂದು ಮರ ಒಣಗಿದರೆ ಮನೆ ಬಿಡು. ರೈತ ಒಂದು ಒಣಮರವನ್ನು ತಬ್ಬಿಕೊಂಡು ಅತ್ತ. ಮನೆ ಹೋಗುವುದಕ್ಕಿಂತ ಮರ ಹೋಗುವುದೇ ಅವನಿಗೆ ದೊಡ್ಡ ದುಃಖವಾಗಿತ್ತು.

“ಊರವರನ್ನೆಲ್ಲ ಕೇಳಿದಿರಿ. ಆ ಮುದುಕಿಯೊಬ್ಬಳನ್ನು ಕೇಳಲಿಲ್ಲ,” ಎಂದಳು ಹೆಂಡತಿ.

ಅವನು ಮುದುಕಿಯ ಮುಂದೆ ಹೋಗಿ ತಲೆ ತಗ್ಗಿಸಿ ನಿಂತ. ಅವಳು ಗುದ್ದಲಿ ಎತ್ತಿಕೊಂಡು ಹೊರಟಳು. ಗುಡ್ಡದ ಒಂದು ಮೂಲೆಯಲ್ಲಿ, ಬಂಡೆಗಳ ಪಕ್ಕ, ಒಂದೇ ಒಂದು ಗಂಧ ಹಸಿರಾಗಿತ್ತು. ಅದರ ಹತ್ತಿರ ಕೊಡಲಿಗೆ ಎಟುಕದ ಬಂಡೆಸಂದಿಯಲ್ಲಿ ಒಂದು ಹೊಂಗೆ ಉಳಿದುಕೊಂಡಿತ್ತು. ಮುದುಕಿ ಅಲ್ಲಿ ಅಗೆದಳು. ಅದೇ ಗಂಟುಗಳು ಕಂಡವು.

“ಇದನ್ನ ನೋಡಿದ್ಯೇನಪ್ಪಾ?”

“ನೋಡಿದ್ದೆ ಅವ್ವಾ. ಹೊಂಗೆ ಗಂಧದ ಸಾರ ಹೀರ್ತಾ ಇದೆ ಅಂತಾನೇ ಕಡಿದೆ.”

“ಕಳ್ಳನ್ನ ಓಡಿಸಿದ ಮೇಲೆ ಮನೆ ತುಂಬಬೇಕಿತ್ತು. ನಿನ್ನ ಮನೇಲಿ ಒಲೆ ಯಾಕೆ ಆರೋಯ್ತು?” ಎಂದು ಅವಳು ಒಂದು ಗಂಟನ್ನು ಉಗುರಿನಿಂದ ಬಿಡಿಸಿದಳು. ಬಾಯಿ ಇದ್ದದ್ದು ಗಂಧದ ಬೇರಿಗೆ. “ಕುಡೀತಿರೋದು ಗಂಧ ಕಣಪ್ಪಾ. ಕುಡಿಸ್ತಿರೋದು ಹೊಂಗೆ. ಒಂದೇ ಕುಡಿಸಿದ್ರೆ ಸೊರಗಿಹೋಗುತ್ತೆ ಅಂತ ಜಾಲಿ, ಕಕ್ಕೆ, ಎಲಚಿ ಎಲ್ಲಾ ಸೇರಿ ಕುಡಿಸ್ತಿದ್ವು. ಗಂಧಾನ ಯಾರು ಬೇಕಾದ್ರೂ ಕಾಯ್ತಾರೆ. ನಾನು ಕೂತಿದ್ದು ಇವನ್ನ ಕಾಯೋಕೆ.”

ರೈತ ಅಲ್ಲಿಂದ ನೇರ ದೊರೆಯ ಬಳಿಗೆ ಹೋದ. “ಮುದುಕಿ ಸೋಮಾರಿ ಅಂದದ್ದು ನನ್ನ ತಪ್ಪು. ಮರಗಳನ್ನು ಕೊಂದವನು ನಾನು. ಕಾವಲನ್ನು ಅವಳಿಗೇ ಕೊಡಿ,” ಎಂದ. ಮನೆ ಹೋಗುತ್ತದೆ ಎಂದು ಗೊತ್ತಿದ್ದೇ ಹೇಳಿದ. ಮನೆ ಹೋಯಿತು. ಆದರೆ ಗಂಟು ಕಟ್ಟುತ್ತಿದ್ದವನನ್ನು ಮುದುಕಿ ತಡೆದಳು. “ಹಿತ್ತಲಲ್ಲಿ ಜಾಗ ಇದೆ, ಗುಡಿಸಲು ಹಾಕ್ಕೋ. ಕಸುವಿದ್ದವನು ನೀನು. ಸುಮ್ಮನೆ ಕೂರೋದೊಂದು ಕಲಿತ್ಕೊಂಡ್ರೆ ಆಯ್ತು.”

ಅವನು ಕೊಡಲಿಯನ್ನು ಅಟ್ಟದ ಮೇಲಿಟ್ಟ. ಆಡುಗಳು ಗುಡ್ಡ ಹತ್ತದಂತೆ ನೋಡಿಕೊಂಡು ಕೂತ. ತನ್ನ ಜನ್ಮದಲ್ಲಿ ಅವನು ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ಮಳೆಗೆ ಹೊಂಗೆಯ ಕೂಳೆಗಳು ಚಿಗುರಿದವು. ಕಾರೆ ಮತ್ತೆ ಪೊದೆಗಟ್ಟಿತು. ಉದುರಿದ ಎಲೆ ನೆಲವನ್ನು ಮುಚ್ಚಿ ನೀರನ್ನು ಹಿಡಿಯಿತು. ಇನ್ನೂ ಕೆಲವು ಗಂಧ ಸತ್ತವು, ಉಳಿದವು ಚೇತರಿಸಿಕೊಂಡವು. ಮೂರನೆಯ ವರ್ಷ ಪಿಕಳಾರಗಳು ಬಂದು ಗೂಡು ಕಟ್ಟಿದವು. ಆ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕಾರೆಮುಳ್ಳಿನ ಪೊದೆಯ ಕೆಳಗೆ ರೈತ ಗಂಧದ ಸಸಿಗಳನ್ನು ಕಂಡ. ಅವನು ನೆಟ್ಟದ್ದಲ್ಲ, ಹಕ್ಕಿ ಹಾಕಿದ್ದು. ಮುಳ್ಳು ಅವುಗಳನ್ನು ಬಿಸಿಲಿನಿಂದಲೂ ಆಡಿನ ಬಾಯಿಂದಲೂ ಕಾಪಾಡಿತ್ತು. ಅವನು ಎದ್ದುಬಿದ್ದು ಓಡಿ ಮುದುಕಿಯನ್ನು ಕರೆತಂದ. ಇಬ್ಬರೂ ಸಸಿ ಎಣಿಸತೊಡಗಿದರು. ಎಣಿಸಿ ಮುಗಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಗುರುಸಿದ್ಧ ಕೇಳಿದ: “ಹಾಗಾದರೆ ಬುದ್ಧಿ, ಗಂಧದ್ದು ತಪ್ಪೇ?”

“ತಪ್ಪೇನು ಬಂತು? ಕುಡಿಯಲಿ, ಬೆಳೆಯಲಿ, ಪರಿಮಳ ಕೊಡಲಿ,” ಎಂದರು ಗುರುಗಳು. ಆಮೇಲೆ ಅವನ ಮುಖ ನೋಡಿ ಹೇಳಿದರು: “ಆದರೂ ನಿನ್ನ ಮಾತಿನಂತೆಯೇ ಆಗಲಿ, ಆರು ವರ್ಷದಿಂದ ನಿನಗೆ ನೀರು ಸೇದಿ ಕೊಡುವವನನ್ನೇ ಮೊದಲು ಕಳುಹಿಸುತ್ತೇನೆ, ಅವನ ಹೆಸರು ಹೇಳು.”

ಗುರುಸಿದ್ಧ ಬಾಯಿ ತೆರೆದ. ಹೆಸರು ಬರಲಿಲ್ಲ.