ದ್ಯಾಮಣ್ಣ ನುಗ್ಗಲಿಲ್ಲ

ಐಕಿಡೊ ಎಂಬ ಜಪಾನಿ ಸಮರಕಲೆಯನ್ನು ಪಂದ್ಯಕ್ಕಾಗಿ ಕಲಿಸುವ ಕ್ಲಬ್ಬಿನಲ್ಲಿ ಚಾಪೆ ಹಾಸುವ ದ್ಯಾಮಣ್ಣನಿಗೆ ವಾರ್ಷಿಕೋತ್ಸವದ ದಿನ ಇನ್ನೊಂದು ಕೆಲಸವಿತ್ತು. ಅತಿಥಿಗಳೆದುರು ರಬ್ಬರ್ ಚಾಕು ಹಿಡಿದು ಅಧ್ಯಕ್ಷ ವೀರಭದ್ರಪ್ಪನವರ ಮೇಲೆ ನುಗ್ಗಬೇಕು, ಅವರು ಎತ್ತಿ ಒಗೆದಾಗ ಬೀಳಬೇಕು. ಆರು ವರ್ಷ ಬಿದ್ದು ಬಿದ್ದು ಸೊಂಟ ಹೋಗಿತ್ತು.

ಈ ಸಲ ಅವನು ಚಾಕು ಹಿಡಿದು ಸುಮ್ಮನೆ ನಿಂತ.

“ನುಗ್ಗೋ. ಇಲ್ಲದಿದ್ದರೆ ನಾಳೆಯಿಂದ ಬರಬೇಡ,” ಅಧ್ಯಕ್ಷರು ಹಲ್ಲು ಕಡಿದರು.

“ಎದುರಾಳಿಯ ಬಲದಿಂದಲೇ ಅವನನ್ನ ಬೀಳಿಸೋದು ಅಂತ ಈಗಷ್ಟೇ ಭಾಷಣ ಮಾಡಿದ್ರಲ್ಲ ಸರ್. ಬೆಳಗ್ಗೆಯಿಂದ ಅರವತ್ತು ಚಾಪೆ ಹೊತ್ತಿದ್ದೀನಿ. ನನ್ನಲ್ಲಿ ಬಲವೇ ಉಳಿದಿಲ್ಲ.”

ಅತಿಥಿಗಳು ನಕ್ಕರು. ಅಧ್ಯಕ್ಷರು ಕೆರಳಿ ತಾವೇ ನುಗ್ಗಿದರು. ದ್ಯಾಮಣ್ಣ ಅರ್ಧ ಹೆಜ್ಜೆ ಸರಿದ. ಅವರು ಬೋರಲು ಬಿದ್ದರು. ಚಾಪೆಯಂಚಿನಲ್ಲಿದ್ದ ಕ್ಲಬ್ಬಿನ ತೀರ್ಪುಗಾರರು, ಗೆದ್ದವರ ಕಡೆ ಬಾವುಟ ಎತ್ತುವ ಅಭ್ಯಾಸಬಲದಿಂದ, ದ್ಯಾಮಣ್ಣನ ಕಡೆ ಎತ್ತಿಬಿಟ್ಟರು.

“ನಾನೇ ಕಲಿಸಿದ್ದು,” ಎಂದರು ಅಧ್ಯಕ್ಷರು, ಬಿದ್ದಲ್ಲಿಂದಲೇ.

“ಹೌದು ಸರ್. ಸ್ವಲ್ಪ ಏಳಿ, ಚಾಪೆ ಎತ್ತಿಡಬೇಕು.”