ಬಟ್ಟಲಣಬೆಯ ಬುಡ

ಗಾಳಿಗೆ ಸಿಕ್ಕಿ ದೂರ ಹೋಗಿದ್ದ ಗುಂಗುರು ನೊಣವೊಂದು, ಮೊಟ್ಟೆಯಿಡಲು ತಾನು ಹುಟ್ಟಿದ ಬಟ್ಟಲಣಬೆಯನ್ನು ಹುಡುಕುತ್ತ ಮಂಜಿನೊಳಗೆ ಮರಳಿ ಬಂದಿತು. ಹುಟ್ಟಿದ ಜಾಗದಲ್ಲಿ ಈಗ ಕಡಲೆಕಾಳಿನಷ್ಟು ಗಾತ್ರದ ಎರಡು ಕೆಂಪು ಬಟ್ಟಲುಗಳಿದ್ದವು. ಬಣ್ಣ ಒಂದೇ, ಅಂಚಿನ ರೋಮವೂ ಒಂದೇ. ಬುಡ ಮಾತ್ರ ತರಗೆಲೆಯಲ್ಲಿ ಹೂತಿತ್ತು. ತವರಿನ ಅಣಬೆ ಬೆಳೆಯುವುದು ಕಟ್ಟಿಗೆಯ ಮೇಲೆ. ಅದನ್ನೇ ಹೋಲುವ ಇನ್ನೊಂದು ಜಾತಿ ಬೆಳೆಯುವುದು ಉದುರಿದ ಕಾಯಿಸಿಪ್ಪೆಯ ಮೇಲೆ; ಅದರಲ್ಲಿ ಗುಂಗುರಿನ ಮೊಟ್ಟೆ ಬದುಕುವುದಿಲ್ಲ.

“ನಿಮ್ಮ ಬುಡ ತೋರಿಸುವಿರಾ?” ಎಂದು ಅದು ಕೇಳಿತು.

“ಹೆತ್ತವಳ ಹತ್ತಿರ ಗುರುತು ಕೇಳುವ ಮಗಳು ನೀನೊಬ್ಬಳೇ ಕಣೇ!” ಎಂದು ಮೊದಲನೆಯದು ಸಿಡುಕಿತು.

ಎರಡನೆಯದು, “ನನ್ನಲ್ಲಿಗೆ ಇದುವರೆಗೆ ಯಾರೂ ಬಂದಿಲ್ಲ ತಾಯಿ. ನಾನೇ ನಿನ್ನ ತವರು ಎನ್ನಲು ಆಸೆ. ಆದರೂ ನೋಡಿಬಿಡು” ಎಂದು ಪಕ್ಕಕ್ಕೆ ವಾಲಿತು. ಬುಡ ಬಿರಿಯಿತು. ಅದರಡಿ ಹಳೆಯ ಕಾಯಿಸಿಪ್ಪೆಯಿತ್ತು.

ಗುಂಗುರು ಮೊದಲನೆಯದರಲ್ಲಿ ಮೊಟ್ಟೆಯಿಟ್ಟಿತು.

“ಈಗಲಾದರೂ ನಂಬಿದೆಯಲ್ಲ. ದಣಿದಿದ್ದೀಯ, ಇಲ್ಲೇ ಮಲಗು” ಎಂದಿತು ತವರು.

“ಮಕ್ಕಳು ಮಲಗಲಿ ಅಮ್ಮ” ಎಂದ ಗುಂಗುರು, ವಾಲಿದ ಬಟ್ಟಲಿಗೆ ಹಾರಿ ರೆಕ್ಕೆ ಮಡಚಿತು. ಮಂಜು ಮೆಲ್ಲಗೆ ಬಂದು ಇಬ್ಬರಿಗೂ ಹೊದಿಸಿತು.