ಸೀಟಿನ ಮೇಲಿನ ಶಾಲು

"ಗುರುಗಳೇ, ನಾಳಿನ ಚಿಂತೆ ಬಿಡು ಅನ್ನುತ್ತೀರಿ. ನಾನು ಚಿಂತೆ ಬಿಟ್ಟು ಕೂತರೆ ನನ್ನವರನ್ನು ನೋಡಿಕೊಳ್ಳುವವರು ಯಾರು?" ಎಂದು ಶಿಷ್ಯ ಕೇಳಿದ. ಕೇಳಿದ ಧಾಟಿಯಲ್ಲಿ ತುಸು ಸಿಟ್ಟೂ ಇತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ. ಅವನ ತಾಯಿಯ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ವರ್ಷ ತುಂಬುವುದರೊಳಗೆ ಪೂರ್ತಿ ಹೋಗುತ್ತದೆ ಎಂದು ವೈದ್ಯರು ಕೈಚೆಲ್ಲಿದ್ದರು. ಕಣ್ಣಿರುವಾಗಲೇ ಒಮ್ಮೆ ಹಿಮದ ಬೆಟ್ಟ ನೋಡಬೇಕೆಂದು ಅವಳ ಆಸೆ. ಮಗ ಹೆತ್ತವಳ ಮಾತು ತೆಗೆದುಹಾಕುವವನಲ್ಲ. ಕಡಲಾಚೆಯ ಆಲ್ಪ್ಸ್ ಪರ್ವತಕ್ಕೇ ಕರೆದುಕೊಂಡು ಹೋದ. ಅಲ್ಲಿ ಹೆಸರಾದ ಒಂದು ಶಿಖರದ ತುದಿಯವರೆಗೂ ರೈಲು ಹೋಗುತ್ತದೆ.

ರೈಲು ತುದಿ ಮುಟ್ಟಿತು. ಒಂದು ಗಂಟೆ ನಿಂತು ಇದೇ ರೈಲು ಇಳಿಯುತ್ತದೆ, ಇವತ್ತಿಗೆ ಇದೇ ಕೊನೆಯದು ಎಂದು ಯಾರೋ ಹೇಳಿದರು. ವ್ಯಾಪಾರಿ ಗಾಬರಿಯಿಂದ ಸುತ್ತ ನೋಡಿದ. ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಇವರೆಲ್ಲ ಒಮ್ಮೆಗೇ ನುಗ್ಗಿದರೆ ಗತಿಯೇನು? ಈ ಹಿಮದಲ್ಲಿ ಅವ್ವ ಒಂದು ರಾತ್ರಿ ಉಳಿದಾಳೆಯೇ?

ಊರಲ್ಲಿ ಬಸ್ಸು ಹತ್ತುವವರೆಲ್ಲ ಮಾಡುವುದನ್ನೇ ಅವನೂ ಮಾಡಿದ. ಟವೆಲ್ ಹಾಕಿ ಸೀಟು ಹಿಡಿಯಬೇಕು. ಟವೆಲ್ ತಂದಿರಲಿಲ್ಲ. ತಾಯಿ ಹೊದ್ದಿದ್ದ ಉಣ್ಣೆಯ ಶಾಲನ್ನೇ ತೆಗೆದು ಎರಡು ಸೀಟಿಗೂ ಅಗಲವಾಗಿ ಹಾಸಿದ.

"ಅವ್ವಾ, ನೀ ಹೋಗಿ ನೋಡ್ಕೊಂಡು ಬಾ. ಜಾಗ ಹೋದ್ರೆ ಆಮೇಲೆ ಯಾರೂ ಬಿಟ್ಟುಕೊಡಲ್ಲ."

"ನೀನೂ ಬಾರೋ ಮಗಾ. ನನ್ನೊಬ್ಬಳಿಗೇ ಎಷ್ಟು ಕಂಡಾತು?"

ಅವನು ಅಲ್ಲಾಡಲಿಲ್ಲ. ತಾಯಿ ಕಂಬಿ ಹಿಡಿದುಕೊಂಡು ಹೊರಗೆ ಹೋದಳು. ಶಿಖರಕ್ಕೆ ಮೋಡ ಕವಿದಿತ್ತು. ಸ್ವಲ್ಪ ಹೊತ್ತಿಗೆ ಸರಿಯುತ್ತದೆ ಎಂದು ಜನ ಕಾಯುತ್ತಿದ್ದರು. ಆ ಗಾಳಿಗೆ ಬರೀ ಸೀರೆಯಲ್ಲಿ ಅವಳಿಂದ ಕಾಯಲಾಗಲಿಲ್ಲ. ಹಲ್ಲು ಕಟಕಟಿಸುತ್ತ ಹಿಂದಿರುಗಿ ಸೀಟಿನ ತುದಿಯಲ್ಲಿ ಮುದುರಿ ಕೂತಳು. ಕಿಟಕಿಯಾಚೆ ಬರೀ ನಿಲ್ದಾಣದ ಗೋಡೆ. ಮಗನಿಗೆ ಅವಳನ್ನು ನೋಡಲಾಗಲಿಲ್ಲ. ಆದರೂ ಶಾಲು ತೆಗೆದುಕೊಡಲಿಲ್ಲ. ಇನ್ನೊಂದು ಸೀಟಿನ ಗುರುತು ಹೋಗುತ್ತದಲ್ಲ! ರೈಲು ಬೇಗ ಕೆಳಗಿಳಿದರೆ ಸಾಕು ದೇವರೇ ಎನ್ನುತ್ತ ಬಾಗಿಲಲ್ಲಿ ಕಾವಲು ನಿಂತ.

ಅಷ್ಟರಲ್ಲಿ ಹೊರಗೆ ಜನ ಹೋ ಎಂದು ಕೂಗಿದರು. ಮೋಡ ಸರಿದಿತ್ತು. ತಾಯಿ ಏಳಲು ನೋಡಿದಳು. ಕಾಲು ಮರಗಟ್ಟಿ ಏಳಲಾಗಲಿಲ್ಲ.

ಹೊರಡುವ ಹೊತ್ತಿಗೆ ಟಿಕೆಟ್ ನೋಡುವವನು ಬಂದ. ವ್ಯಾಪಾರಿಯ ಟಿಕೆಟನ್ನು ಮಗುಚಿ ಬೆರಳಿಟ್ಟು ತೋರಿಸಿದ. ಬೆಟ್ಟ ಇಳಿಯುವಾಗಿನ ಸೀಟಿನ ನಂಬರು ಹಿಂಬದಿಯಲ್ಲಿ ಮೊದಲೇ ಅಚ್ಚಾಗಿತ್ತು. ಶಾಲು ಹಾಸಿದ್ದ ಸೀಟು ಬೇರೆಯವರದು. ಇವರ ಸೀಟು ಎರಡು ಸಾಲು ಹಿಂದೆ, ಅಷ್ಟು ಹೊತ್ತೂ ಖಾಲಿಯಾಗಿಯೇ ಇತ್ತು.

ವೈದ್ಯರು ಹೇಳಿದಂತೆ ವರ್ಷದೊಳಗೆ ತಾಯಿಯ ಕಣ್ಣು ಹೋಯಿತು. ಒಂದು ದಿನ ಅವಳು ಕೇಳಿದಳು: "ಆವತ್ತು ಮೋಡ ಸರಿದ ಮೇಲೆ ಬೆಟ್ಟ ಹೆಂಗಿತ್ತು ಮಗಾ? ನೀನೇ ಹೇಳು." ಅವನೂ ನೋಡಿರಲಿಲ್ಲ.

ಕತೆ ಮುಗಿಯಿತು. ಶಿಷ್ಯ ಕೇಳಿದ: "ಅವನದು ಪ್ರೀತಿಯೇ ಅಲ್ಲವೇ ಗುರುಗಳೇ? ತಾಯಿಗೋಸ್ಕರವೇ ಹೆದರಿದನಲ್ಲ?"

ಗುರುಗಳು ಹೇಳಿದರು: "ಹೌದಪ್ಪಾ, ಆದರೆ ಚಳಿಯಾಗುತ್ತಿದ್ದದ್ದು ಸೀಟಿಗಲ್ಲ."